ದಾರಕ್ಕೆ ಕಟ್ಟಿದ ಪೆನ್ನು

ಹನ್ನೊಂದು ವರ್ಷದಲ್ಲಿ ಇದು ನಲವತ್ತನೆಯದೋ ಏನೋ,
ಲೆಕ್ಕ ಇಟ್ಟಿಲ್ಲ.
ಗೋಣಿದಾರದಲ್ಲಿ ಕಟ್ಟಿ ನೋಡಿದೆ, ನೈಲಾನಿನಲ್ಲಿ ಕಟ್ಟಿ ನೋಡಿದೆ,
ಚಿತ್ರ ಬಿಟ್ಟು ಹೋಗುವ ಜನ
ಪೆನ್ನು ಬಿಟ್ಟು ಹೋಗುವುದಿಲ್ಲ.

ಶೇಷಾದ್ರಿಪುರದ ಒಂದು ಸಂದಿ.
ಕೆಳಗೆ ಝೆರಾಕ್ಸ್ ಅಂಗಡಿ, ಮೇಲೆ ನಮ್ಮ ಗ್ಯಾಲರಿ.
ಬೆಳಗ್ಗೆ ಬೀಗ, ಸಂಜೆ ಬೀಗ,
ನಡುವೆ ನನಗೊಂದು ಮರದ ಕುರ್ಚಿ,
ಪಕ್ಕದ ಮೇಜಿನ ಮೇಲೆ ಉದ್ದನೆಯ ರೂಲುಪುಸ್ತಕ,
ರಟ್ಟಿನ ಮೇಲೆ ನನ್ನದೇ ದುಂಡಕ್ಷರ:
ಅಭಿಪ್ರಾಯ.

ಬರೆಯುತ್ತಾರೆ.
ಎಲ್ಲಕ್ಕಿಂತ ಹೆಚ್ಚು ‘ತುಂಬಾ ಚೆನ್ನಾಗಿದೆ’.
ಹಾಗೆ ಬರೆಯುವವರು ಸಾಮಾನ್ಯವಾಗಿ
ಮೂರನೆಯ ಚಿತ್ರಕ್ಕೇ ವಾಪಸು ತಿರುಗಿದವರು.
ಆಮೇಲೆ ‘ಫ್ಯಾನ್ ಹಾಕಿಸಿ’.
ಆಮೇಲೆ ‘ನನ್ನ ಮಗಳೂ ಹೀಗೇ ಬಿಡಿಸುತ್ತಾಳೆ, ಎರಡನೇ ಕ್ಲಾಸು’.
ಇದು ಹೊಗಳಿಕೆಯೋ ಬೈಗುಳವೋ ಅಂತ
ಕಲಾವಿದರು ನನ್ನನ್ನೇ ಕೇಳುತ್ತಾರೆ,
ನಾನೇನು ಆ ಮಗುವನ್ನು ಕಂಡಿದ್ದೇನಾ?

ಅನಂತಪದ್ಮನಾಭಯ್ಯ ಮೇಷ್ಟರು ಗುರುವಾರ ಬರುತ್ತಾರೆ.
ಚಿತ್ರಗಳ ಕಡೆ ತಲೆಯೆತ್ತದೆ
ಹೆಸರಿನ ಚೀಟಿಗಳಲ್ಲಿ ಒತ್ತಕ್ಷರ ಹುಡುಕುತ್ತಾರೆ,
ಕಾಗುಣಿತದ ತಪ್ಪು ಐದು, ಮಹಾಪ್ರಾಣ ಎರಡು,
ಸ್ವಂತ ಕೆಂಪು ಪೆನ್ನಿನಲ್ಲಿ. ಅದಕ್ಕೇ ಅವರೆಂದರೆ ನನಗೆ ಗೌರವ.

‘ಬೆಲೆ ಜಾಸ್ತಿ ಆಯ್ತು’ ಎಂದು ಬರೆದ ಒಬ್ಬರು
ಕೆಳಗೆ ನಿಲ್ಲಿಸಿದ್ದ ಕಾರಿಗೆ ದಂಡ ಬಿದ್ದ ವಿಷಯವನ್ನೂ
ಹತ್ತಿ ಬಂದು ಅದೇ ಪುಟದಲ್ಲಿ ಸೇರಿಸಿದರು.

ಮೇ ತಿಂಗಳ ಒಂದು ಸಂಜೆ, ಆಲಿಕಲ್ಲು ಬಿದ್ದ ದಿನ,
ಹಾಲು ತುಂಬಾ ಜನ. ಡೆಲಿವರಿ ಹುಡುಗರು, ಕಾಲೇಜಿನವರು,
ಒದ್ದೆ ಕೊತ್ತಂಬರಿ ಚೀಲದ ಒಬ್ಬ ಹೆಂಗಸು.
ಗೋಡೆ ನೋಡದೆ ಬೇರೆ ದಾರಿ ಇರಲಿಲ್ಲ ಅವರಿಗೆ.
ಆ ದಿನದ ಪುಟದಲ್ಲಿ ಒಂದೇ ಸಾಲು:
‘ಮಳೆ ನಿಂತಿತು, ಧನ್ಯವಾದ.’

ಹೋದ ತಿಂಗಳು ಶಮೀನಾ ಅಂತ ಒಂದು ಹುಡುಗಿ,
ಮರಿಯಪ್ಪನಪಾಳ್ಯದವಳು,
ಆಟೋದಲ್ಲಿ ತಾನೇ ಹಿಡಿದುಕೊಂಡು ತಂದಳು ಇಪ್ಪತ್ತೆರಡು ಚಿತ್ರ.
ಇಪ್ಪತ್ತೆರಡರಲ್ಲೂ ಗೋಡೆ.
ದರ್ಜಿ ಅಂಗಡಿಯ ಗೋಡೆಯಲ್ಲಿ ತಲೆ ಒರಗಿಸಿದ ಎಣ್ಣೆಯ ಗುರುತು,
ಕ್ಯಾಲೆಂಡರ್ ತೆಗೆದ ಮೇಲೆ ಉಳಿದ ಬೆಳ್ಳನೆಯ ಚೌಕ,
ಮಗುವಿನ ಎತ್ತರ ಅಳೆದ ಗೀಟುಗಳು, ನಾಲ್ಕಕ್ಕೇ ನಿಂತದ್ದು.

‘ಬರೀ ಗೋಡೆ?’ ಎಂದು ಬರೆದರು.
‘ಆರ್ಟಿಸ್ಟ್ ಮನುಷ್ಯರನ್ನೂ ಕಲಿಯಬೇಕು.’
ಪತ್ರಿಕೆಯವರು ನಾಲ್ಕು ಸಾಲು ಹಾಕಿದರು, ಹೆಸರು ಶಮೀಮಾ ಆಗಿತ್ತು.
ದಿನವೂ ಬಾಗಿಲು ಹಾಕುವ ಹೊತ್ತಿಗೆ ಅವಳು
ನೆಲದ ಮೇಲೆ ಕೂತು ಪುಸ್ತಕ ಓದುವಳು,
ಬೆರಳಿಟ್ಟು, ಒಂದೊಂದೇ ಸಾಲು,
ಅಂಕಪಟ್ಟಿ ನೋಡುವ ಹಾಗೆ.

ಆರನೆಯ ದಿನ ಅರ್ಧ ಪುಟ ತಮಿಳಿನಲ್ಲಿತ್ತು.
ಅವಳಿಗೂ ಬಾರದು, ನನಗೂ ಬಾರದು.
ಪುಸ್ತಕ ಎತ್ತಿಕೊಂಡು ಇಬ್ಬರೂ ಕೆಳಗಿಳಿದೆವು
ಇಸ್ತ್ರಿ ಗಾಡಿಯ ಸೆಲ್ವಿ ಹತ್ತಿರ.
ಒಂದು ಕೈ ಪೆಟ್ಟಿಗೆಯ ಮೇಲೆ, ಒಂದು ಕೈ ಪುಟದ ಮೇಲೆ,
ಓದಿ ಕನ್ನಡದಲ್ಲಿ ಹೇಳಿದಳು:

‘ಈ ಹಾಲಿಗೆ ಬಣ್ಣ ಹೊಡೆದವನು ನಾನು.
ಹೋದ ವರ್ಷ, ಎರಡು ಕೋಟು.
ಕಿಟಕಿ ಮೂಲೆಯಲ್ಲಿ ನೀರು ಜಿನುಗುತ್ತೆ ಅಂತ ಆಗಲೇ ಹೇಳಿದ್ದೆ,
ಯಾರೂ ಕೇಳಲಿಲ್ಲ.
ನಿಮ್ಮ ಏಳನೇ ಚಿತ್ರದಲ್ಲಿ ಇರೋದು ಅದೇ ಥರ ನೀರು.
ಮೇಲಿಂದ ಬಂದದ್ದಲ್ಲ, ಒಳಗಿಂದ ಬಂದದ್ದು.
ಸರಿಯಾಗಿ ನೋಡಿದ್ದೀರಿ. ಇಂತಿ, ಏಳುಮಲೈ.’

ಇನ್ನೊಂದು ಸಲ ಓದು ಅಕ್ಕ, ಅಂದಳು ಹುಡುಗಿ.
ಬಟ್ಟೆ ಸುಡುತ್ತೆ ಹೋಗಮ್ಮ, ಅಂದಳು ಸೆಲ್ವಿ.
ಅಂದು, ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟು, ಓದಿದಳು.

ಮಾರಾಟವಾದದ್ದು ಎರಡು. ಏಳನೆಯದು ಅಲ್ಲ.
ಉಳಿದವನ್ನು ಮತ್ತೆ ಆಟೋಗೆ ಹತ್ತಿಸಿ ಕಳಿಸಿ
ನಾನು ಬೀಗದ ಕೈ ಹಿಡಿದು ಮೇಲೆ ಬಂದೆ.
ಖಾಲಿ ಹಾಲು. ಕಿಟಕಿ ಮೂಲೆ.
ಹನ್ನೊಂದು ವರ್ಷ ಅದಕ್ಕೆ ಬೆನ್ನು ಹಾಕಿ ಕೂತಿದ್ದೇನೆ.
ಕುರ್ಚಿ ತಿರುಗಿಸಿ ನೋಡಿದೆ,
ಹೌದು, ಜಿನುಗುತ್ತದೆ, ನಿಧಾನವಾಗಿ,
ಯಾರೋ ಒಳಗೆ ಕೂತು ಬಿಡಿಸುತ್ತಿರುವ ಹಾಗೆ.

ಸರಿ, ನಾನೂ ಒಂದು ಸಾಲು ಬರೆಯೋಣ ಎಂದು
ಪುಸ್ತಕ ತೆರೆದೆ.
ದಾರ ಇತ್ತು.