ಹೊಗೆ ಚೀಟಿ

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ, ಎಣ್ಣೆ ಗಿರಣಿಯ ಕಾಂಪೌಂಡಿಗೆ ತಾಗಿ
ಒಂದು ಹೊಂಗೆ ಮರ. ಅದರ ಕೆಳಗೆ ನನ್ನ ಮಾರುತಿ ವ್ಯಾನು.
ಮೂರು ಚಕ್ರಕ್ಕೆ ಗಾಳಿಯಿಲ್ಲ.
'ಹೊಗೆ ತಪಾಸಣೆ' ಅಂತ ಹಸಿರು ಬಣ್ಣದಲ್ಲಿ ಬರೆಸಿದ್ದೆ,
ಬಿಸಿಲಿಗೆ ಕೊನೆಯ ಎರಡು ಅಕ್ಷರ ಉದುರಿ
'ಹೊಗೆ ತಪಾ' ಅಂತ ಉಳಿದಿದೆ.

ತಪವೇ ಅನ್ನಿ.
ಹದಿನಾರು ವರ್ಷ ಮರದ ಕೆಳಗೆ ಕೂತರೆ
ಬೇರೆಯವರಿಗೆ ಜ್ಞಾನೋದಯ ಆಗುತ್ತಿತ್ತು.
ನನಗೆ ಕೆಮ್ಮು ಬಂತು.

ಕೊಳವೆ ಯಾವ ಗಾಡಿಗೆ ಇಟ್ಟೆ ಅಂತ ಯಂತ್ರ ಕೇಳುವುದಿಲ್ಲ.
ಫೋಟೋ ಅದರದ್ದು, ಹೊಗೆ ಇದರದ್ದು.
ಗಿರಣಿ ಮಾಲೀಕರ ಹೊಸ ಕಾರು ಪಕ್ಕದಲ್ಲೇ ನಿಂತಿರುತ್ತದಲ್ಲ,
ಅದರ ಉಸಿರಿನ ಮೇಲೆ ಎಷ್ಟು ಮುದಿ ಲಾರಿಗಳು ಪಾಸಾದವೋ!
ಐವತ್ತು ರೂಪಾಯಿ ಹೆಚ್ಚಿಗೆ.
ಅದಿರು ಲಾರಿಗಾದರೆ ನೂರು.

ಮೊನ್ನೆ ದಾದಾಪೀರ್ ಮಿರ್ಚಿ ಕಟ್ಟಿಸಿಕೊಂಡು ಬಂದ.
ಪೇಪರಿನ ಎಣ್ಣೆ ಕಲೆಯೊಳಗೆ ಸುದ್ದಿ ಹೊಳೆಯುತ್ತಿತ್ತು:
ವಾಹನ ಇಂಧನದ ಮಸೂದೆ, ಸದನದಲ್ಲಿ ಧ್ವನಿಮತದಿಂದ ಅಂಗೀಕಾರ.
ಡೀಸೆಲ್ಲಿಗೆ ಇಂತಿಷ್ಟು ಕಾಳೆಣ್ಣೆ ಬೆರೆಸಲೇಬೇಕು,
ವರ್ಷ ವರ್ಷಕ್ಕೆ ಮಸಿ ಇಂತಿಷ್ಟು ಇಳಿಯಲೇಬೇಕು.
ಎಷ್ಟು ಎಂಬಲ್ಲಿ ಮೆಣಸಿನಕಾಯಿ ಬೀಜ ಅಂಟಿತ್ತು.

ಕಾಳೆಣ್ಣೆ ಅಂದರೆ ಹೊಂಗೆ, ಬೇವು, ಇಪ್ಪೆ.
ನಮ್ಮಜ್ಜ ಗಾಣಕ್ಕೆ ಹಾಕಿ ಅರೆದು
ಊರಿನ ದೀಪಗಳಿಗೆ ಅಳೆದು ಕೊಟ್ಟಿದ್ದು ಅದನ್ನೇ.
ಕರೆಂಟು ಬಂದ ವರ್ಷ
ಗಾಣದ ಕಲ್ಲು ನಮ್ಮ ಬಚ್ಚಲ ಮೆಟ್ಟಿಲಾಯಿತು.

"ಧ್ವನಿಮತ ಅಂದ್ರೆ ಏನ್ಲಾ?"
"ಹೌದು ಅನ್ನೋರು ಜೋರಾಗಿ ಕೂಗ್ತಾರೆ, ಅಷ್ಟೆ."
"ಹಂಗಾರೆ ನಂದೂ ಒಂದಿರಲಿ" ಅಂತ ಲಾರಿ ಹತ್ತಿ
ಆಕ್ಸಿಲರೇಟರ್ ತುಳಿದ.
ಮರದ ಮೈನಾಗಳೆಲ್ಲ ಸಭಾತ್ಯಾಗ ಮಾಡಿದವು.

ಇಳಿದು ಬಂದವನು ಕೊಳವೆಯ ತುದಿಯನ್ನು ನನ್ನ ಬಾಯಿಗೆ ಹಿಡಿದ:
"ಊದು. ನಿನಗೂ ಒಂದು ಚೀಟಿ ಬೇಕಲ್ಲ."
ನಗಬೇಕು ಅಂದುಕೊಂಡೆ.
ಕೆಮ್ಮು ಮುಂಚೆ ಬಂತು.

ಗಿರಣಿ ಗುಡಿಸುವ ಓಬಮ್ಮ ಚೀಲ ಹಿಡಿದು ಬಂದಳು.
"ಹೊಂಗೆಕಾಳಿಗೆ ಕೇಜಿಗೆ ನಾಕು ರೂಪಾಯಿ ಏರೈತಂತೆ.
ವ್ಯಾನು ಸರಿಸಪ್ಪ, ನಿನ್ನ ಗಾಡಿ ಬುಡದಾಗೆ
ಏಸು ವರ್ಸದ ಕಾಯಿ ಬಿದ್ದಾವೋ."

ಕಾನೂನು ನಮ್ಮೂರಿಗೆ ಬಂದದ್ದು ಹೀಗೆ.
ಮೂವರೂ ಸೇರಿ ನೂಕಿದೆವು. ಚಕ್ರ ತಿರುಗಲಿಲ್ಲ,
ನೆಲ ಕೆರೆದುಕೊಂಡು ಎಮ್ಮೆಯ ಹಾಗೆ ಸರಿಯಿತು.

ಅಡಿಯಲ್ಲಿ ವ್ಯಾನಿನಷ್ಟೇ ಉದ್ದಗಲದ ಕಪ್ಪು ನೆಲ.
ಇಂಜಿನ್ ಆಯಿಲ್ ಕುಡಿದು ಕುಡಿದು
ಜಿಡ್ಡಾದ ಕಾಯಿಗಳು.
ಓಬಮ್ಮ ಒಂದನ್ನು ಮೂಸಿ ಎಸೆದಳು:
"ಇದನ್ನ ಯಾರು ತಗಂತಾರೆ?
ನೀನು ಆಗ್ಲೇ ಬೆರೆಸಿಬಿಟ್ಟಿದೀಯ."

ಆಮೇಲೆ ಏನು ಹೊಳೆಯಿತೋ.
ಕೊಳವೆಯನ್ನು ದಾದಾಪೀರನ ಲಾರಿಗೇ ಇಟ್ಟೆ.
ಅಂಕಿ ಏರಿತು, ಏರುತ್ತಲೇ ಹೋಯಿತು.
'ಅನುತ್ತೀರ್ಣ' ಎಂಬುದು ಕಂಪ್ಯೂಟರಿನ ಯಾವ ಮೂಲೆಯಲ್ಲಿದೆ ಅಂತ
ಹುಡುಕಲು ಹೊತ್ತು ಹಿಡಿಯಿತು.
ಅದನ್ನು ನಾನು ಯಾವತ್ತೂ ಒತ್ತಿರಲಿಲ್ಲ.

"ಗೆಜೆಟ್ಟಿನಾಗೆ ಇನ್ನೂ ಬಂದಿಲ್ಲವಲ್ಲೋ" ಅಂದ ದಾದಾಪೀರ್.
ಬೈಯಲೂ ಇಲ್ಲ, ಹೊರಡಲೂ ಇಲ್ಲ.
ಬಿಸಿ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ
ಉಳಿದ ಎರಡು ಮಿರ್ಚಿಯನ್ನು ಅದರಲ್ಲೇ ಸುತ್ತಿ
ಓಬಮ್ಮನ ಕೈಗೆ ಕೊಟ್ಟ.