ಬಲೆಬಾಗಿಲು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ಮಹಡಿಯ ಮೇಲೆ
ಕೆಟ್ಟ ತಕ್ಕಡಿಗಳನ್ನು ಪೇರಿಸಿಟ್ಟ ಕೋಣೆಯಲ್ಲಿ ನಮ್ಮ ಸರ್ವರ್.
ಹರಾಜಿನ ಬೆಲೆಯೆಲ್ಲ ಅದರ ಹೊಟ್ಟೆಯೊಳಗೆ.
ರಾತ್ರಿಯಿಡೀ ಯಾರ್ಯಾರೋ ಬಂದು ಕದ ತಟ್ಟುತ್ತಾರೆ
ನಿಮಿಷಕ್ಕೆ ನಾನೂರು ಸಲ,
ನಾನು ಭೂಪಟದಲ್ಲಿ ಹುಡುಕಬೇಕಾದ ಊರುಗಳಿಂದ.
ಗೂಡು ಅಂದರೇನೆಂದೂ ಗೊತ್ತಿರಲಿಕ್ಕಿಲ್ಲ ಅವರಿಗೆ.

ಮಳ್ಳೂರಿನ ನಮ್ಮತ್ತೆ ಮುನಿಲಕ್ಷ್ಮಮ್ಮನ ಹುಳುಮನೆಗೆ
ನೈಲಾನ್ ಬಲೆಯ ಬಾಗಿಲು, ಊಜಿ ನೊಣ ಬರದಿರಲೆಂದು.
ಹೊಸ್ತಿಲಲ್ಲಿ ಬ್ಲೀಚಿಂಗ್ ನೀರಿನ ಬೋಗುಣಿ.
"ಹುಳ ನಾಕನೇ ಜ್ವರಕ್ಕೆ ಕೂತವೆ, ಯಾರೂ ಬರ್ಬೇಡಿ"
ಅಂದರೆ ತಹಶೀಲ್ದಾರರೂ ಹೊರಗೇ.
ಸೊಪ್ಪು ಹಾಕುವ ಇಬ್ಬರು, ಅವಳು. ಮುಗಿಯಿತು ಪಟ್ಟಿ.
ಈ ಕೆಲಸ ನಾನು ಕಲಿತದ್ದು ಅಲ್ಲಿ ನಿಂತು;
ಕಾಲೇಜಿನಲ್ಲಿ ಸಿಕ್ಕಿದ್ದು ಬರೀ ವ್ಯಾಕರಣ.

ನನ್ನ ಪಟ್ಟಿಯಲ್ಲಿ ಮೂವತ್ತೇಳು ವಿಳಾಸ.
ತಲೆನೋವು ಮಾತ್ರ ರೀಲರ್ ದಸ್ತಗೀರ್ ಸಾಬರದು.
ಒಮ್ಮೆ ಕರೆಂಟು ಹೋಗಿ ಬಂದರೆ ಸಾಕು,
ಅದೇ ಕುರ್ಚಿ, ದಾರ ಕಟ್ಟಿದ ಅದೇ ಕನ್ನಡಕ,
ಅಂಕಿ ಬೇರೆ.
"ಅಮ್ಮಾ, ನಾನೇ ಕಣಮ್ಮಾ" ಅಂತಾರೆ ಫೋನಿನಲ್ಲಿ.
ಗೋಡೆಗೂ ಕಿವಿಯುಂಟು ಅಂದವರು
ಈ ಗೋಡೆಯನ್ನು ನೋಡಿಲ್ಲ.

ಅದಕ್ಕೇ ಒಂದು ಸ್ಕ್ರಿಪ್ಟ್ ಬರೆದೆ:
ಐದು ನಿಮಿಷಕ್ಕೊಮ್ಮೆ ತಾನೇ ಎದ್ದು
ಹೆಸರು ಹಿಡಿದು ಅವರನ್ನು ಹುಡುಕಲಿ,
ಹಳೆಯ ಅಂಕಿ ಅಳಿಸಿ ಹೊಸದನ್ನು ಬರೆಯಲಿ,
ಮಿಕ್ಕವರಿಗೆ ಇಲ್ಲ ಅಂತಲೂ ಹೇಳದಿರಲಿ.

ಮೊದಲ ರಾತ್ರಿ ಸಾಲುಗಳು ಹಿಂದುಮುಂದಾದವು.
ಎಲ್ಲರಿಗೂ ಬೇಡ ಅಂದೆ ಮೊದಲು.
ಆಮೇಲೆ ಬಾ ಅನ್ನೋಣವೆಂದರೆ
ನಾನೂ ಹೊರಗೆ.

ಬೆಳಗ್ಗೆ ಹತ್ತಕ್ಕೆ ಹರಾಜು. ಮೂರು ಗಂಟೆಯ ಚಳಿಯಲ್ಲಿ
ಸ್ವೆಟರಿನ ಮೇಲೆ ಶಾಲು ಹೊದ್ದು ಸ್ಕೂಟಿಯಲ್ಲಿ ಹೋಗಿ
ಗೇಟು ಬಡಿದೆ. ಕಾವಲಿನ ಪಿಳ್ಳಪ್ಪ
ಟಾರ್ಚು ಬಿಡದೆ, ಮಂಕಿ ಟೋಪಿಯೊಳಗಿಂದಲೇ
"ಯಾರದು?" ಅಂದ.
"ನಾನೇ ಕಣಪ್ಪಾ."
ಬೀಗ ತೆಗೆದ.

ಸಾಲುಗಳ ಜಾಗ ಬದಲಿಸಿದ್ದೇನೆ. ಪಟ್ಟಿ ಖಾಲಿ ಬಂದರೆ
ಏನನ್ನೂ ಮುಟ್ಟಬೇಡ ಅಂತಲೂ ಬರೆದಿದ್ದೇನೆ.
ಈಗ ಹಾಸಿಗೆಯಲ್ಲೇ ಮೊಬೈಲು ನೋಡುತ್ತೇನೆ:
ಐದೂವರೆಗೆ ದಸ್ತಗೀರ್ ಸಾಬರ ಅಂಕಿ ಬದಲಾಗಿದೆ.
ಅಂದರೆ ಅವರ ಬೀದಿಯಲ್ಲಿ ಕರೆಂಟು ಹೋಗಿತ್ತು,
ಅಂದರೆ ಬಂದಿದೆ,
ಬಾಣಲೆಯಲ್ಲಿ ಗೂಡು ಬೇಯುತ್ತಿರಬೇಕು,
ಎಳೆ ಎಲ್ಲಿ ಕಡಿಯಿತೆಂದು
ಬಿಸಿನೀರಿನೊಳಗೆ ಯಾರದೋ ಬೆರಳು ಹುಡುಕುತ್ತಿರಬೇಕು.