ಎಂಟೋ, ಬೀಯೋ

ಹನ್ನೊಂದರಿಂದ ಮೂರರವರೆಗೆ ಕಂಪ್ಯೂಟರ್ ಇರುವುದಿಲ್ಲ,
ಎಲ್ಲರೂ ಕಾಗದದಲ್ಲಿ ಬರೆದುಕೊಳ್ಳಿ ಅಂತ
ಲಿಫ್ಟಿನ ಪಕ್ಕ ಗೋಂದು ಹಚ್ಚಿ ಅಂಟಿಸಿದ್ದೆವು.
ಹೊರಗೆ ಕೌಲ್ ಬಜಾರು. ಬಳ್ಳಾರಿಯ ಬಂಡೆ
ನುಂಗಿದ ಹಗಲನ್ನು ಇನ್ನೂ ಉಗುಳುತ್ತಿತ್ತು.
ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹದಿನೆಂಟು ಡಿಗ್ರಿ.
ನಾನು ಸ್ವೆಟರಿನಲ್ಲಿ,
ಹೊನ್ನೂರವಲಿ ಮಫ್ಲರಿನಲ್ಲಿ,
ಮೇ ತಿಂಗಳಲ್ಲಿ.

ಹಳೆಯ ಬ್ಲೇಡು ಎಳೆದರೆ ಹಲ್ಲು ಕಿತ್ತಂತೆ ಸದ್ದು.
ಮೈತುಂಬ ಕೆಂಪು ದೂಳು, ಸಂಡೂರಿನ ಕಡೆಯದು,
ಮೂರು ಬಾಗಿಲು, ಎರಡು ಫಿಲ್ಟರು ದಾಟಿ
ಇಲ್ಲಿಗೂ ಬಂದಿದೆ ಅದಿರು.
ಹೊಸದು ಹಗುರ, ಹೊಳೆಯುತ್ತದೆ,
ಯಾರ ಪರಿಚಯವೂ ಅದಕ್ಕಿಲ್ಲ.

ಆಚೆ ಕಪಾಟಿನಲ್ಲಿ ಸ್ಟೋರೇಜು ಕೂತಿದೆ
ಒಂಬತ್ತು ವರ್ಷದ ಎಕ್ಸ್‌ರೇ ಮಡಿಲಲ್ಲಿಟ್ಟುಕೊಂಡು,
ಲಾರಿ ಹತ್ತಿದ ಮುಂಗೈ, ನುಂಗಿದ ಒಂದು ರೂಪಾಯಿ,
ಕ್ವಾರಿಯವರ ಪುಪ್ಪುಸ.
ಅದು ಮುಖ ನೋಡುವುದಿಲ್ಲ, ಹೆಸರು ಕೇಳುತ್ತದೆ.
ಹೆಸರೆಂದರೆ ಎಂಟು ಜೋಡಿ ಅಕ್ಷರ.
ಒಂದು ತಪ್ಪಿದರೂ ಹೊಸ್ತಿಲಲ್ಲೇ ನಿಲ್ಲು.

ನಮ್ಮತ್ತಿಗೆ ತಿಪ್ಪಕ್ಕ ಎಮರಿ ಕಾಗದ ಹಿಡಿದು ಜೀನ್ಸ್ ಉಜ್ಜುತ್ತಾಳೆ,
ಹೊಸ ಪ್ಯಾಂಟು ಹಳೆಯದಾಗಿ ಕಾಣಬೇಕಂತೆ.
ಉಜ್ಜಿ ಉಜ್ಜಿ ಹೆಬ್ಬೆರಳ ಗೆರೆಯೇ ಹೋಯಿತು.
ರೇಷನ್ ಅಂಗಡಿಯವನು 'ಬಾ ತಿಪ್ಪಕ್ಕ' ಅನ್ನುತ್ತಾನೆ,
ಯಂತ್ರ ಒಪ್ಪುವುದಿಲ್ಲ.
ಇಲ್ಲಿ ತಲೆಕೆಳಗು.
ಮೈ ಯಾರದಾದರೂ ಆಗಲಿ,
ಹೆಸರು ಸರಿಯಿದ್ದರೆ ಅಕ್ಕಿ.

ಹಾಗಾಗಿ ಹಳೆಯ ಹೆಸರು ಹೊಸ ಮೈಗೆ.
ಹೊನ್ನೂರವಲಿ ಓದಿದ, ನಾನು ಒತ್ತಿದೆ.
ಅದೇ ಪುಸ್ತಕ, ಅವನು ಕೇಬಲ್ ಟೀವಿಯಲ್ಲಿದ್ದಾಗಿನದು,
ಹಿಂದಿನ ಪುಟದಲ್ಲಿ ಬಾಕಿ ಇಟ್ಟ ಮನೆಗಳ ಪಟ್ಟಿ.

ನೆಟ್‌ವರ್ಕಿನದು ಬೇರೆ ರಗಳೆ.
ಮೊದಲ ಕಾರ್ಡು ವಾರ್ಡುಗಳಿಗೆ, ಎರಡನೆಯದು ಬ್ಯಾಕಪ್ಪಿಗೆ,
ಹೊಸದು ಆ ತುದಿಯಿಂದ ಎಣಿಸಿ
ಎರಡನೆಯವನನ್ನು ಹಿರಿಯನ ಮಣೆಯಲ್ಲಿ ಕೂರಿಸಿತು.
ಎಬ್ಬಿಸಿ, ಅವರವರ ಜಾಗ ತೋರಿಸಿ,
ಸ್ವಿಚ್ಚಿನಲ್ಲಿ ದಾರಿ ತಿದ್ದುವಷ್ಟರಲ್ಲಿ
ಎರಡೂವರೆ.

ಎದ್ದಿತು. ಡಿಸ್ಕು ಕಂಡಿತು.
ಮುರಿದ ಮುಂಗೈ ಕಂಡಿತು.
ಆದರೆ ನಾಲ್ಕು ದಾರಿ ಬರಬೇಕಾದಲ್ಲಿ ಎರಡೇ ಬಂದಿವೆ,
ಎಡಗಡೆ ಮೌನ.

'ನಡೀತೈತಲ್ಲಣ್ಣ' ಅಂದ ಹೊನ್ನೂರವಲಿ,
'ಯಾರು ನೋಡ್ತಾರ?'
ನಿಜ, ಯಾರೂ ನೋಡುವುದಿಲ್ಲ.
ಒಂಟಿಕಾಲಲ್ಲಿ ನಿಂತವನೂ ನಿಂತವನೇ
ಯಾರಾದರೂ ತಾಗುವ ತನಕ.

ಪುಸ್ತಕ ಕಸಿದುಕೊಂಡು ಬೆಳಕಿಗೆ ಹಿಡಿದೆ.
ಆರನೇ ಜೋಡಿ. ಎಂಟೋ, ಬೀಯೋ?
ಅವನ ಬೀ ಅಂದರೆ
ಊಟ ಮಾಡಿ ಗೋಡೆಗೆ ಒರಗಿದ ಎಂಟು.
ಬರೆದವನೇ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ.
'ಮಾಡಿದ್ದು ನಾನೇ' ಅಂದ,
ಮಫ್ಲರು ಬಿಚ್ಚಿದ.

ತಿದ್ದಿದರೆ ಮತ್ತೆ ಮಲಗಿಸಿ ಎಬ್ಬಿಸಬೇಕು.
ಮೂರನೇ ಮಹಡಿಗೆ ಫೋನು.
ಸುಂಕಮ್ಮ ಸಿಸ್ಟರ್, ಮೂರಲ್ಲ, ಮೂರೂ ಕಾಲು ಆಗಬಹುದು.
'ಬರೀತೀನಿ ಬಿಡಣ್ಣ, ಪೆನ್ನೇ ಸಾಯ್ತಾ ಐತೆ.
ಎಂಟು ಜನ ಬಂದ್ರು ಈ ರಾತ್ರಿ.
ತಡಿ, ಎಂಟಲ್ಲ ಒಂಬತ್ತು,
ಒಂದು ಒಳಗಿಂದ ಬಂತು.'

ಮೂರು ಹದಿನೇಳು.
ಒಂದು, ಎರಡು, ಮೂರು,
ನಾಲ್ಕನೆಯದು ಸ್ವಲ್ಪ ತಡೆದು.
ಇಬ್ಬರೂ ಏನೂ ಮಾತಾಡಲಿಲ್ಲ.
ಪರದೆಯಲ್ಲಿ ಮೇಲಿನಿಂದ ಮೊದಲ ಸಾಲು ಇಳಿಯಿತು,
ಎರಡು ಕಿಲೋ ಏಳುನೂರು, ಹೆಣ್ಣು,
ಹೆಸರಿನ ಮನೆಯಲ್ಲಿ
ಬೇಬಿ ಆಫ್ ಮಾಬುನ್ನಿ.
ಹೊನ್ನೂರವಲಿ ಪುಸ್ತಕ ತೆಗೆದು
ಬೀಯ ಕೆಳಗೆ ಗೀಟು ಎಳೆದ, ಒಂದಲ್ಲ, ಎರಡು.

ಹಳೆಯದನ್ನು ಕಂಕುಳಲ್ಲಿ ಹಿಡಿದು ಮೇಲೆ ಬಂದೆವು.
ನೋಟೀಸು ಕಿತ್ತರೆ ನಡುವೆ ಹರಿಯಿತು,
'ಬರೆದುಕೊಳ್ಳಿ' ಅನ್ನುವಷ್ಟು ಗೋಡೆಯಲ್ಲೇ ಉಳಿಯಿತು.
ಅಂಗಿಯ ಎಡಗಡೆ ಕೆಂಪಗೆ, ತೊಳೆದರೆ ಹೋಗದಂಥದು.
ರಾಯಲ್ ಸರ್ಕಲ್ಲಿನಲ್ಲಿ ಚಾ ಇಟ್ಟಿರಬೇಕು ಇಷ್ಟೊತ್ತಿಗೆ.